ಕೇಪಿನ ಕೋವಿ: ತೊಳೆಯುವುದು, ನಿಪ್ಪಲ್ ಬದಲಿಸುವುದು

ಕೇಪಿನ ಕೋವಿ ಅಂದರೆ ನಳಿಗೆಯ ಬಾಯಿಂದ ಕರಿಮದ್ದು ತುಂಬಿ, ಹಿಂಬದಿಯ ನಿಪ್ಪಲ್ ಎಂಬ ತೂತಿನ ಮೊಳೆಯ ಮೇಲೆ ಕೇಪು (ಬಡಿದರೆ ಕಿಡಿ ಹಾರುವ ಪುಟ್ಟ ಟೋಪಿ) ಇಟ್ಟು ಹೊಡೆಯುವ ಕೋವಿ. ಚುನಾವಣೆಗೆಂದು ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟ ಕೋವಿ, ಚುನಾವಣೆ ಮುಗಿದು ಮನೆಗೆ ಬಂದಾಗ ಮಲೆನಾಡಿನಲ್ಲಿ ಕೇಳುವ ದೂರು ಒಂದೇ, ತುಕ್ಕು. ಇಟ್ಟ ಜಾಗದ ಥಂಡಿಯೂ ಕಾರಣ ಇರಬಹುದು. ಆದರೆ ಈಡು ಹೊಡೆದು ತೊಳೆಯದೆ ಕೊಟ್ಟಿದ್ದರೆ ತುಕ್ಕು ಮನೆಯಲ್ಲೇ ಶುರುವಾಗಿರುತ್ತದೆ. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಸಾಕು. ಮಸಿಯ ಮೇಲೆ ಬರೀ ಎಣ್ಣೆ ಸವರಿ ಪ್ರಯೋಜನವಿಲ್ಲ, ಅದು ಕರಗುವುದು ನೀರಿಗೆ.

ಮೊದಲು ಕೋವಿ ಖಾಲಿಯಾ ನೋಡಿ. ಕೇಪು ಇಲ್ಲ ಅಂದ ಮಾತ್ರಕ್ಕೆ ಮದ್ದೂ ಇಲ್ಲ ಅಂತಲ್ಲ. ನಳಿಗೆಯ ಬಾಯಿಗೆ ಮುಖ ಒಡ್ಡದೆ ಗಜವನ್ನು (ಮದ್ದು ಒತ್ತುವ ಉದ್ದ ಸಲಾಕೆ) ತಳದವರೆಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು ಹೊರಗೆ ತೆಗೆದು, ನಳಿಗೆಯ ಪಕ್ಕಕ್ಕಿಟ್ಟು ನೋಡಿ. ತುದಿ ನಿಪ್ಪಲ್ ಹತ್ತಿರ ಬರಬೇಕು. ನಾಲ್ಕಾರು ಬೆರಳು ಮುಂಚೆಯೇ ನಿಂತರೆ ಒಳಗೆ ಈಡು ಇದೆ ಅಂತಲೇ ತಿಳಿಯಿರಿ. ಕೆಲಸ ಅಲ್ಲಿಗೇ ಬಿಟ್ಟು ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕೇಳಿ.

ಖಾಲಿ ಇದ್ದರೆ ನಿಪ್ಪಲ್ ಬಿಚ್ಚಿ. ಅದಕ್ಕೆಂದೇ ಇರುವ ಕೀಲಿ ಬಳಸಿ. ಇಕ್ಕಳ ಹಾಕಿದರೆ ಅಂಚು ಸವೆದು ಇನ್ನೊಂದು ಸಲ ಬಿಚ್ಚಲು ಬರುವುದಿಲ್ಲ. ನಳಿಗೆಯ ಬಾಯಿಂದ ಬಿಸಿನೀರು ಹೊಯ್ದರೆ ನಿಪ್ಪಲ್ ತೂತಿನಿಂದ ಕಪ್ಪು ನೀರು ಚಿಮ್ಮುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಕೋವಿಯ ಮರದ ಭಾಗಕ್ಕೆ ನೀರು ಇಳಿಯದಂತೆ ಬಟ್ಟೆ ಸುತ್ತಿರಿ. ತಿಳಿನೀರು ಬರುವವರೆಗೆ ಹೊಯ್ದು, ಗಜಕ್ಕೆ ಒಣ ಬಟ್ಟೆ ಸುತ್ತಿ ಒರೆಸಿ. ನಳಿಗೆ ಬೆಚ್ಚಗಿರುವಾಗಲೇ ಹೊಲಿಗೆ ಮಷೀನ್ ಎಣ್ಣೆ ಸವರಿ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ.

ಈಗ ನಿಪ್ಪಲ್ಲನ್ನು ಬೆಳಕಿಗೆ ಹಿಡಿಯಿರಿ. ತಲೆ ಜಜ್ಜಿ ಅಗಲವಾಗಿದ್ದರೆ ಕೇಪು ಪೂರ್ತಿ ಕೂರುವುದಿಲ್ಲ, ಮೊದಲ ಹೊಡೆತ ಕೇಪನ್ನು ಕೆಳಗೆ ತಳ್ಳುವುದರಲ್ಲೇ ಮುಗಿಯುತ್ತದೆ. ಸುಮ್ನೆ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿಟ್ಟು ಆಟ ಆಡುವ ಮನೆಗಳ ಕೋವಿಯಲ್ಲಿ ಇದು ಜಾಸ್ತಿ. ತೂತು ದೊಡ್ಡದಾಗಿದ್ದರೆ ಹೊಗೆ ಹಿಂದಕ್ಕೆ ನುಗ್ಗಿ ಕುದುರೆಯನ್ನೇ ಎತ್ತುತ್ತದೆ. ಎರಡಕ್ಕೂ ಅರ ಹಾಕಿ ಸರಿಮಾಡಲು ಹೋಗಬೇಡಿ, ಹೊಸದು ಹಾಕಿ. ನಿಪ್ಪಲ್ ಕೋವಿಯ ಅಗ್ಗದ ಭಾಗ.

ಆದರೆ ಅಳತೆ ನೋಡದೆ ತರಬೇಡಿ. ಕಾಲು ಇಂಚು ಅಂದರೆ 6.35 ಮಿ.ಮೀ. ಕಾಲು ಇಂಚಿನ ತೂತಿಗೆ 6 ಮಿ.ಮೀ. ನಿಪ್ಪಲ್ ಇಳಿದುಬಿಡುತ್ತದೆ, ಮರೆ (ತಿರುಪಿನ ಸುತ್ತು) ಹಿಡಿಯುವುದಿಲ್ಲ. ಈಡು ಹೊಡೆದಾಗ ಅದು ಕಿತ್ತು ಬರುವುದು ಹೊಡೆಯುವವರ ಮುಖದ ಕಡೆಗೆ. ಹಳೆಯದನ್ನು ಜೊತೆಗೆ ಒಯ್ದು, ಮರೆಗೆ ಮರೆ ಹೊಂದಿಸಿ ನೋಡಿ ತನ್ನಿ. ಮರೆಗೆ ಚೂರು ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಬಿಗಿಯಾದರೆ ಬಿಚ್ಚಿ ಮತ್ತೆ ಶುರುಮಾಡಿ.

ಅರ್ಧ ಎಳೆದಿಟ್ಟ ಕುದುರೆ ಜಾರುತ್ತಿದ್ದರೆ ಅದು ಮನೆಯ ಕೆಲಸವಲ್ಲ. ಒಳಗಿನ ಸ್ಪ್ರಿಂಗ್ ಮುಟ್ಟಬೇಡಿ, ರಿಪೇರಿಯವರಿಗೇ ಕೊಡಿ.

ಕೊನೆಗೆ, ಹಾರಿಸುವ ಮುನ್ನ ನಳಿಗೆಯ ಎಣ್ಣೆ ಒರೆಸಿ. ಜನ, ದನ ಇಲ್ಲದ ಕಡೆ ಕನ್ನಡಕ ಹಾಕಿಕೊಂಡು, ಖಾಲಿ ಕೋವಿಗೆ ಒಂದು ಕೇಪು ಇಟ್ಟು, ನಳಿಗೆಯ ಬಾಯಿಯನ್ನು ಹಸಿ ಹುಲ್ಲಿನ ಹತ್ತಿರ ಹಿಡಿದು ಹೊಡೆಯಿರಿ. ಹುಲ್ಲು ಅಲುಗಿದರೆ ದಾರಿ ಸರಾಗವಾಗಿದೆ. ಅಲುಗದಿದ್ದರೆ ನಿಪ್ಪಲ್ ಬಿಚ್ಚಿ, ಸೂಜಿ ಹಾಕಿ ಕಟ್ಟಿದ್ದನ್ನು ತೆಗೆಯಿರಿ.