ಕ್ರಿಪ್ಟ್ ಕಲ್ಚರಿನಲ್ಲಿ ಜಿಎಲ್‌ಪಿ-1 ಬಿಡುಗಡೆ ಅಳೆಯುವುದು: ನನ್ನ ಅನುಭವ

ಜಿಎಲ್‌ಪಿ-1 ಎಂದರೆ ಕರುಳಿನ ಎಲ್ ಕೋಶಗಳು ಬಿಡುವ, ಇನ್ಸುಲಿನ್ ಹೆಚ್ಚಿಸುವ ಹಾರ್ಮೋನು; ಕ್ರಿಪ್ಟ್ ಎಂದರೆ ಕರುಳಿನ ಒಳಪದರದ ಕೊಳವೆಯಂಥ ಗುಳಿ. ನೂರು ಕೋಶ ಹುಡುಕಿದರೆ ಒಂದು ಎಲ್ ಕೋಶ ಸಿಕ್ಕರೆ ಹೆಚ್ಚು, ಅಂಥ ಮಿಶ್ರ ಕಲ್ಚರಿನಿಂದ ಜಿಎಲ್‌ಪಿ-1 ಅಳೆಯುವುದು ಆಗದ ಮಾತು, ಸುಮ್ಮನೆ ಗ್ಲೂಟ್ಯಾಗ್ ಕೋಶಗಳನ್ನೇ (ಲ್ಯಾಬಿನಲ್ಲಿ ಬೆಳೆಸುವ, ಜಿಎಲ್‌ಪಿ-1 ಬಿಡುವ ಒಂದೇ ಬಗೆಯ ಕೋಶಗಳು) ಇಟ್ಟುಕೊಳ್ಳಿ ಎಂದವರೇ ಜಾಸ್ತಿ. ಆದರೆ ಉಳಿದ ಕೋಶಗಳು ಈ ಹಾರ್ಮೋನನ್ನು ತಯಾರಿಸುವುದೇ ಇಲ್ಲ, ಹಾಗಾಗಿ ಅಳತೆಗೆ ಅವು ಅಡ್ಡ ಬರುವುದೂ ಇಲ್ಲ. ಆಟ ಕೆಡಿಸುವುದು ಬೇಸಲ್, ಅಂದರೆ ಏನೂ ಹಾಕದಿದ್ದಾಗಲೂ ಹೊರಬರುವ ಹಾರ್ಮೋನು. ಅದನ್ನು ತಗ್ಗಿಸಿ ಅಲ್ಲೇ ನಿಲ್ಲಿಸಿದ ಮೇಲೆ, ಇಲಿಯ ದೊಡ್ಡ ಕರುಳಿನ ಕ್ರಿಪ್ಟ್‌ಗಳಲ್ಲಿ ಬಿಡುಗಡೆ ಪ್ರಚೋದಿಸುವ ಫೋರ್ಸ್ಕೋಲಿನ್ ಮತ್ತು ಐಬಿಎಂಎಕ್ಸ್ ಹಾಕಿದಾಗ ನಾಲ್ಕೈದು ಪಟ್ಟು ಏರಿಕೆ ಈಗ ಪ್ರತಿ ಪ್ಲೇಟಿನಲ್ಲೂ ಸಿಗುತ್ತಿದೆ.

ಕರುಳನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ತಣ್ಣನೆಯ ಪಿಬಿಎಸ್ ಎಂಬ ಲವಣದ್ರಾವಣದಲ್ಲಿ ತೊಳೆದು ಹೊರಗಿನ ಸ್ನಾಯು ಪದರವನ್ನು ಸುಲಿದು ತೆಗೆಯಬೇಕು. ಪದರ ಉಳಿದರೆ ಅಂಗಾಂಶ ಬಿಡಿಸುವ ಕಿಣ್ವ ಕೊಲಾಜಿನೇಸ್ ಅರ್ಧ ಅದಕ್ಕೇ ಖರ್ಚಾಗುತ್ತದೆ, ಫೈಬ್ರೋಬ್ಲಾಸ್ಟ್‌ಗಳೂ ಜೊತೆಗೆ ಬರುತ್ತವೆ.  ಆಮೇಲೆ 1–2 ಮಿಮೀ ಚೂರು ಮಾಡಿ, ಟೈಪ್ 11 ಕೊಲಾಜಿನೇಸ್ ಮಿಲೀಗೆ ಸುಮಾರು 0.4 ಮಿಗ್ರಾಂ, 37 ಡಿಗ್ರಿ, ಸುತ್ತಿಗೆ 10–15 ನಿಮಿಷ. ಮೊದಲೆರಡು ಸುತ್ತು ಲೋಳೆ, ರಕ್ತ, ಬಿಡಿ ಕೋಶ, ಚೆಲ್ಲಿಬಿಡಿ. ಮೂರನೆಯದರಿಂದ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೋಗಬೇಕು: ಕೈಗವಸಿನ ಬೆರಳು ಕತ್ತರಿಸಿಟ್ಟ ಹಾಗೆ ಒಂದು ತುದಿ ಮುಚ್ಚಿ ಇನ್ನೊಂದು ತೆರೆದಿರುವ ಕೊಳವೆಗಳು ಕಾಣಬೇಕು. ಪಿಪೆಟ್ ತುದಿಯಿಂದ ಅಂಟು ದಾರ ಎಳೆಯತೊಡಗಿತೆಂದರೆ ಸತ್ತ ಕೋಶಗಳ ಡಿಎನ್‌ಎ ಹೊರಬಂದಿದೆ, ಆ ಸುತ್ತಿನ ಕಥೆ ಮುಗಿಯಿತು. ಕೊಲಾಜಿನೇಸ್ ಲಾಟ್‌ನಿಂದ ಲಾಟ್‌ಗೆ ಬೇರೆಯೇ ವಸ್ತು. ಮೂರ್ನಾಲ್ಕು ಲಾಟ್‌ಗಳ ಸ್ಯಾಂಪಲ್ ತರಿಸಿ ನೋಡಿ, ಒಗ್ಗಿದ್ದನ್ನು ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಂಡದ್ದೇ ನಾನು ಹಾಕಿದ ದುಡ್ಡಿನಲ್ಲಿ ಸಾರ್ಥಕವಾದದ್ದು.

ಸೆಂಟ್ರಿಫ್ಯೂಜಿನಲ್ಲಿ 100 ಜಿ ಬಲದಲ್ಲಿ ಕೆಲವೇ ನಿಮಿಷ ತಿರುಗಿಸಿದರೆ ಕ್ರಿಪ್ಟ್ ಕೆಳಗಿಳಿಯುತ್ತದೆ, ಬಿಡಿ ಕೋಶ ಮೇಲೆ ಉಳಿಯುತ್ತದೆ. ಕಲ್ಚರ್ ಮೀಡಿಯಂ ಡಿಎಂಇಎಂ, ಶೇ 10 ಸೀರಂ, ಜೊತೆಗೆ ಕೋಶ ಸಾಯದಂತೆ ತಡೆಯುವ ವೈ-27632, 10 ಮೈಕ್ರೋಮೋಲಾರ್. ಈ ಕೊನೆಯದನ್ನು ಉಳಿಸಲು ಹೋದರೆ ಬೆಳಗಾಗುವಷ್ಟರಲ್ಲಿ ಅರ್ಧ ಪ್ಲೇಟ್ ತೇಲುತ್ತಿರುತ್ತದೆ. ಕೋಶ ಅಂಟಲು ಪ್ಲೇಟಿಗೆ ಮ್ಯಾಟ್ರಿಜೆಲ್ ಲೇಪ ಶೇ 1–2 ಸಾಕು, ದಪ್ಪ ಜೆಲ್ ಬೇಡ.

ಹೆಚ್ಚು ಪ್ಲೇಟ್ ಹಾಳಾಗುವುದು ಹಂಚುವ ಹಂತದಲ್ಲಿ. ಕ್ರಿಪ್ಟ್ ಭಾರ, ಟ್ಯೂಬ್ ಕೈಯಲ್ಲಿ ಹಿಡಿದಿರುವಾಗಲೇ ತಳ ಸೇರುತ್ತದೆ. ತುದಿ ಕತ್ತರಿಸಿದ ಟಿಪ್ ಬಳಸಿ, ಪ್ರತಿ ವೆಲ್‌ಗೂ (ಪ್ಲೇಟಿನ ಗುಳಿ) ಮುನ್ನ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಬೇಕು. ಹಾಕಿದ ಮೇಲೆ ಪ್ಲೇಟನ್ನು ವೃತ್ತಾಕಾರದಲ್ಲಿ ಆಡಿಸಿದರೆ ಎಲ್ಲವೂ ನಡುವಿಗೆ ಸೇರಿ ಗುಡ್ಡೆಯಾಗುತ್ತದೆ. ಗುಡ್ಡೆಯ ಒಳಗಿನ ಕೋಶ ಸಾಯುತ್ತದೆ, ಸತ್ತದ್ದು ಹಾರ್ಮೋನು ಸೋರುತ್ತದೆ, ಬೇಸಲ್ ಏರುತ್ತದೆ. ಎಡಬಲ, ಹಿಂದೆ ಮುಂದೆ, ಅಷ್ಟೇ. ಇಷ್ಟಾದರೂ ವೆಲ್‌ನಿಂದ ವೆಲ್‌ಗೆ ಒಟ್ಟು ಹಾರ್ಮೋನು ಶೇ 20–30 ವ್ಯತ್ಯಾಸವಾಗುತ್ತದೆ. ಆದ್ದರಿಂದ ಪಿಕೋಗ್ರಾಂ ಲೆಕ್ಕಕ್ಕೆ ಬೆಲೆಯಿಲ್ಲ. ಮೇಲ್ದ್ರವದಲ್ಲಿರುವುದನ್ನು ಮೇಲ್ದ್ರವ ಮತ್ತು ಲೈಸೇಟ್‌ಗಳ (ಕೋಶ ಒಡೆದು ಪಡೆದ ದ್ರವ) ಮೊತ್ತದಿಂದ ಭಾಗಿಸಿ, ಅದನ್ನು ಅದೇ ಪ್ಲೇಟಿನ ಬೇಸಲ್‌ಗೆ ಹೋಲಿಸಬೇಕು. ಹಾಗೆಯೇ ಎನ್ ಎಂದರೆ ಇಲಿಗಳ ಸಂಖ್ಯೆ, ವೆಲ್‌ಗಳದ್ದಲ್ಲ.

ಮರುದಿನ 18ರಿಂದ 24 ಗಂಟೆಯೊಳಗೆ ಪರೀಕ್ಷೆ. ಬೆಚ್ಚಗಿನ ಸಲೈನ್‌ನಲ್ಲಿ ಮೂರು ಸಲ ತೊಳೆತ, ದ್ರವ ಸದಾ ವೆಲ್‌ನ ಗೋಡೆಗೆ ತಾಗಿಸಿಯೇ. ಸಲೈನ್‌ನಲ್ಲಿ ಶೇ 0.1 ಬಿಎಸ್‌ಎ (ದನದ ಅಲ್ಬುಮಿನ್ ಪ್ರೋಟೀನ್) ಕಡ್ಡಾಯ. ಇಲ್ಲದಿದ್ದರೆ ಪೆಪ್ಟೈಡ್ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಲೆಕ್ಕದಿಂದ ಮಾಯ. ಆಮೇಲೆ ಪರೀಕ್ಷಿಸುವ ವಸ್ತು ಬೆರೆಸಿದ ಸಲೈನ್ (ಬೇಸಲ್ ವೆಲ್‌ಗೆ ಬರೀ ಸಲೈನ್) 250 ಮೈಕ್ರೋಲೀಟರ್, ಎರಡು ಗಂಟೆ, 37 ಡಿಗ್ರಿ. ನಂತರ ಐಸ್ ಮೇಲಿಟ್ಟು ದ್ರವ ತೆಗೆದು 4 ಡಿಗ್ರಿಯಲ್ಲಿ ತಿರುಗಿಸಿ, ತಳದ 50 ಮೈಕ್ರೋಲೀಟರ್ ಮುಟ್ಟದೆ ಮೇಲಿನದನ್ನಷ್ಟೇ ತೆಗೆಯಬೇಕು. ಕಿತ್ತುಬಂದ ಒಂದೆರಡು ಕ್ರಿಪ್ಟ್ ಅದರೊಳಗೆ ಸೇರಿದರೂ ಕಾಣುವ ‘ಪ್ರಚೋದನೆ’ ಸುಳ್ಳು. ಬೇಸಲ್ ಶೇ 2–4 ಬಂದರೆ ಆ ಪ್ಲೇಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ, 8 ದಾಟಿದರೆ ಕೈಬಿಡುತ್ತೇನೆ.

ಹಾರ್ಮೋನು ಅಳೆಯುವ ಕಿಟ್ ‘ಆ್ಯಕ್ಟಿವ್’ ಅಲ್ಲ, ‘ಟೋಟಲ್’ ಇರಲಿ. ಎಪಿಥೀಲಿಯಂ ಮೇಲೆಯೇ ಡಿಪಿಪಿ-4 ಕಿಣ್ವ ಕೂತಿದೆ, ಹಾರ್ಮೋನಿನ ಸಕ್ರಿಯ ರೂಪವಾದ 7–36 ಅನ್ನು ಕತ್ತರಿಸಿ 9–36 ಮಾಡಿಬಿಡುತ್ತದೆ. ಲೈಸೇಟ್‌ನಲ್ಲಿ ಡಿಟರ್ಜೆಂಟ್ ಇರುವುದರಿಂದ ಕನಿಷ್ಠ ಹತ್ತು ಪಟ್ಟು ತೆಳು ಮಾಡಿ, ಇನ್ನೂ ಎರಡು ಮಟ್ಟಕ್ಕೆ ತೆಳುಮಾಡಿದರೂ ಉತ್ತರ ಒಂದೇ ಬರುತ್ತದೆಯೇ ನೋಡಿ.

ಇನ್ನು ದುಡ್ಡಿನ ಮಾತು. 96 ವೆಲ್ ಕಿಟ್‌ನಲ್ಲಿ ಎಂಟು ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ) ಜೋಡಿಯಾಗಿ 16 ತಿಂದರೆ ಉಳಿಯುವುದು 80, ಅಂದರೆ ಜೋಡಿಯಲ್ಲಿ 40 ಸ್ಯಾಂಪಲ್. 24 ವೆಲ್ ಕಲ್ಚರ್ ಕೊಡುವುದು 48, ವೆಲ್‌ಗೆ ಒಂದು ಮೇಲ್ದ್ರವ, ಒಂದು ಲೈಸೇಟ್. ಎಂಟು ಸ್ಯಾಂಪಲ್‌ಗೋಸ್ಕರ ಇನ್ನೊಂದು ಕಿಟ್ ಒಡೆಯಬೇಕಾದ ಈ ಪೀಡೆ ಸಾಕಷ್ಟು ಕಾಡಿತು. ಈಗ ಮೇಲ್ದ್ರವ ಜೋಡಿಯಾಗಿ, ಲೈಸೇಟ್ ಒಂಟಿಯಾಗಿ: 48 ಮತ್ತು 24 ಸೇರಿ 72, ಸ್ಟ್ಯಾಂಡರ್ಡ್ ಸೇರಿ 88. ಉಳಿದ ಎಂಟರಲ್ಲಿ ಎಲ್ಲ ಪ್ಲೇಟ್‌ಗೂ ಹಾಕುವ ಒಂದೇ ಹಳೆಯ ಸ್ಯಾಂಪಲ್. ಲೈಸೇಟ್ ಒಂಟಿ ಓದಿದರೆ ರಿವ್ಯೂವರ್ ಸುಮ್ಮನಿರುವುದಿಲ್ಲ ಎಂದವರಿದ್ದರು, ಯಾರೂ ಕೇಳಲಿಲ್ಲ.

ಅದೇ ಮೇಲ್ದ್ರವದಲ್ಲಿ ಪಿವೈವೈ ಎಂಬ ಇನ್ನೊಂದು ಹಾರ್ಮೋನನ್ನೂ ಅಳೆಯಬಹುದು, ದೊಡ್ಡ ಕರುಳಿನ ಎಲ್ ಕೋಶ ಎರಡನ್ನೂ ಬಿಡುತ್ತದೆ. ಪಿತ್ತಾಮ್ಲ ಹಾಕುವವರು ಎಲ್‌ಡಿಎಚ್ (ಪೊರೆ ಒಡೆದಾಗ ಸೋರುವ ಕಿಣ್ವ) ಜೊತೆಗೇ ನೋಡಬೇಕು. ಅವು ಸಾಬೂನಿನ ಜಾತಿ, ತಮ್ಮ ಗ್ರಾಹಕ ಟಿಜಿಆರ್5ಗೆ ಸಂಬಂಧವೇ ಇಲ್ಲದೆ ಪೊರೆ ಕರಗಿಸಿ ಹಾರ್ಮೋನು ಚೆಲ್ಲಿಸಬಲ್ಲವು. ಲಿನೋಲಿಕ್ ಆಮ್ಲದ ಕಷ್ಟ ತದ್ವಿರುದ್ಧ: ಶೇ 0.1 ಬಿಎಸ್‌ಎ ಎಂದರೆ ಸುಮಾರು 15 ಮೈಕ್ರೋಮೋಲಾರ್, ಒಂದೊಂದು ಅಣುವೂ ಹಲವು ಕೊಬ್ಬಿನಾಮ್ಲ ಹಿಡಿದುಕೊಳ್ಳುತ್ತದೆ, ಹಾಗಾಗಿ ಬಾಟಲಿ ಮೇಲೆ ಬರೆದ ಪ್ರಮಾಣ ಕೋಶಕ್ಕೆ ಮುಟ್ಟುವುದೇ ಇಲ್ಲ. ಮಿಶ್ರ ಕಲ್ಚರ್ ಎಂದು ಮೂಗು ಮುರಿದವರಿಗೆ ಒಂದು ಉತ್ತರವನ್ನು ಬೇರೆ ಹಾರ್ಮೋನುಗಳ ಬಿಡುಗಡೆ ತಡೆಯುವ ಸೊಮಾಟೊಸ್ಟಾಟಿನ್ ಕೊಟ್ಟಿತು. ಪಕ್ಕದ ಡಿ ಕೋಶಗಳು ಅದನ್ನು ಬಿಡುತ್ತಲೇ ಇರುತ್ತವೆ. ಅದರ ಎಸ್‌ಎಸ್‌ಟಿಆರ್5 ಗ್ರಾಹಕವನ್ನು ತಡೆದರೆ ಜಿಎಲ್‌ಪಿ-1 ಏರುತ್ತದೆ. ಬರೀ ಗ್ಲೂಟ್ಯಾಗ್ ಇಟ್ಟುಕೊಂಡಿದ್ದರೆ ಈ ನೆರೆಹೊರೆಯ ಕಡಿವಾಣ ಕಾಣುತ್ತಿರಲಿಲ್ಲ. ಸಣ್ಣ ಕರುಳಿನ ಮೇಲ್ಭಾಗಕ್ಕೆ ಮಾತ್ರ ಈ ವಿಧಾನ ಸರಿಹೋಗುವುದಿಲ್ಲ. ವಿಲ್ಲೈ (ಒಳಪದರದ ಬೆರಳಿನಂಥ ಚಾಚುಗಳು) ಕಳಚಿ ಅಂಟದೆ ತೇಲುತ್ತವೆ, ಬೇಸಲ್ ಎಂದೂ ಇಳಿಯಲಿಲ್ಲ. ಅಲ್ಲಿಗೆ ಆರ್ಗನಾಯ್ಡ್ (ಕಾಂಡಕೋಶಗಳಿಂದ ಬೆಳೆಸುವ ಪುಟ್ಟ ಕರುಳಿನಂಥ ರಚನೆ) ಬೆಳೆಸುವುದೇ ದಾರಿ. ಅದರ ಮೀಡಿಯಂ ಖರ್ಚಿನ ಲೆಕ್ಕ ಬೇರೆಯೇ ಬರೆಯಬೇಕು.