ಊರಿಗೆ ದೊಡ್ಡ ಟೂರ್ನಿ ಬಂದ್ರೆ ಅಂಗಡಿ, ಬಂಡಿಯೋರು ಏನೇನು ರೆಡಿ ಮಾಡ್ಕೋಬೇಕು

ನಮ್ಮ ಸೋದರಮಾವಂದು ಮಿರ್ಚಿ ಒಗ್ಗರಣಿ ಬಂಡಿ. ಒಂದ್ಸಲ ಗ್ರೌಂಡಿನಾಗೆ ಕಬಡ್ಡಿ ಟೂರ್ನಿ ಇತ್ತು, ಜನ ಬರ್ತಾರೆ ಅಂತ ಮಾವ ಮಧ್ಯಾಹ್ನನೇ ಎಂಟು ಕೆಜಿ ಕಡ್ಲೆಹಿಟ್ಟು ಕಲಸಿ ಇಟ್ಟಿದ್ದ, ಅತ್ತೆ ಬೆಳಿಗ್ಗಿಂದ ಕುಂತು ಎರಡು ಬುಟ್ಟಿ ಮೆಣಸಿನಕಾಯಿ ಹೊಟ್ಟೆ ಸೀಳಿ ಉಪ್ಪು, ಅಜವಾನ, ಹುಣಸೆಹಣ್ಣು ತುಂಬಿದ್ಲು. ಸಾಯಂಕಾಲ ನಾಲ್ಕೂವರೆಗೆ ಎಣ್ಣೆ ಕಾಯೋ ಟೈಮಿಗೆ ಯಾರೋ ಬಂದು ಈ ಲೈನಾಗೆ ಇವತ್ತು ಬಂಡಿ ನಿಲ್ಲಂಗಿಲ್ಲ, ಆರ್ಡರ್ ಐತಿ, ನಡೀರಿ ಅಂದ್ರು. ಯಾವ ಆರ್ಡರು, ಎಲ್ಲಿಂದ ಎಲ್ಲಿ ತನಕ, ಎಷ್ಟೊತ್ತಿನ ತನಕ, ಕೇಳೋಕೆ ಮಾವಂಗೆ ತೋಚಲಿಲ್ಲ. ಸ್ಟವ್ ಆರಿಸಿ ಬಿಸಿ ಎಣ್ಣೆ ಬಾಣಲಿ ಸಮೇತ ಬಂಡಿ ತಳ್ಕೊಂಡು ಮನೆಗೆ ಬಂದ. ಓಣಿ ಮಂದಿನೆಲ್ಲ ಕರೆದು ಮಿರ್ಚಿ ಹಾಕಿ ಕೊಟ್ರೂ ಹಿಟ್ಟು ಅರ್ಧ ಉಳೀತು, ರಾತ್ರಿಗೆ ಹುಳಿ ವಾಸನೆ ಹೊಡೀತು. ಮರುದಿನ ತಿಳೀತು, ಆರ್ಡರ್ ಇದ್ದಿದ್ದು ಮೇನ್ ಗೇಟಿನ ರೋಡಿಗೆ ಮಾತ್ರ, ಹಿಂದಿನ ರೋಡಿನಾಗೆ ನಿಂತಿದ್ರೆ ಯಾರೂ ಏನೂ ಅಂತಿರಲಿಲ್ಲ.

ಅದಕ್ಕೇ ಇದನ್ನ ಬರೀತಿದೀನಿ. ನಮ್ಮ ಬಳ್ಳಾರಿ ಜಿಲ್ಲೆಗೆ ದೊಡ್ಡ ಸ್ಪರ್ಧೆ ಹೊಸದೇನಲ್ಲ, ತೋರಣಗಲ್ಲಿನ ಕ್ರೀಡಾ ಸಂಸ್ಥೆಯಾಗೆ 2021ರಲ್ಲಿ ರಾಷ್ಟ್ರ ಮಟ್ಟದ ಬಾಕ್ಸಿಂಗ್ ಚಾಂಪಿಯನ್‌ಶಿಪ್ಪೇ ನಡೆದೈತಿ, ಊರಾಗೆ ಕಬಡ್ಡಿ, ಕ್ರಿಕೆಟ್, ಕುಸ್ತಿ ನಡೀತಾನೇ ಇರ್ತಾವೆ. ಮ್ಯಾಚ್ ಬಂದಾಗ ತಾತ್ಕಾಲಿಕ ನಿಯಮಾನೂ ಬರ್ತಾವೆ, ಅದು ತಪ್ಪಲ್ಲ. ಆದ್ರೆ ಆ ನಿಯಮ ದೊಡ್ಡ ಹೋಟ್ಲಿನೋರಿಗೆ ವಾಟ್ಸಾಪಿನಾಗೆ ಮುಂಚೆನೇ ಬಂದಿರುತ್ತೆ, ಬಂಡಿಯೋರಿಗೆ ಎಣ್ಣೆ ಕಾದ ಮೇಲೆ ಬಾಯಿ ಮಾತಲ್ಲಿ ಬರುತ್ತೆ. ಹಂಗಾಗಿ ನಾವೇ ಮುಂಚೆ ಹೋಗಿ ಕೇಳ್ಬೇಕು.

ಮೊದಲು ಆರ್ಡರ್ ಕಾಪಿ ಕೈಗೆ ತಗೋರಿ

ಟೂರ್ನಿಗೆ ಹತ್ತು ಹದಿನೈದು ದಿನ ಇರುವಾಗ್ಲೇ ಶುರು ಮಾಡ್ರಿ. ಮೂರು ಕಡೆ ಕೇಳ್ಬೇಕು: ಪಾಲಿಕೆ ಇಲ್ಲ ನಗರಸಭೆ, ನಿಮ್ಮ ಏರಿಯಾದ ಪೊಲೀಸ್ ಸ್ಟೇಷನ್, ಡಿಸಿ ಆಫೀಸು. ಯಾಕಂದ್ರೆ ಆರ್ಡರ್ ಒಂದೇ ಕಡೆಯಿಂದ ಬರಲ್ಲ. ಜನ ಗುಂಪು ಸೇರೋದಕ್ಕೆ, ಗಲಾಟೆ ಆಗದಂಗೆ ಹೊರಡಿಸೋದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163ರಲ್ಲಿ, ಮುಂಚೆ 144 ಅಂತಿದ್ವಲ್ಲ ಅದೇ, 2024ರ ಜುಲೈ 1ರಿಂದ ನಂಬರ್ ಬದಲಾಗೈತಿ. ಗಾಡಿ ಓಡಾಟ, ಪಾರ್ಕಿಂಗ್, ರೋಡ್ ಬಂದ್ ಇದಕ್ಕೆ ಮೋಟಾರು ವಾಹನ ಕಾಯ್ದೆಯ ಕಲಂ 115 ಹಾಕಿರ್ತಾರೆ. ಬಾರು, ವೈನ್‌ಶಾಪ್ ಮುಚ್ಚೋಕೆ ಅಬಕಾರಿ ಕಾಯ್ದೆಯಲ್ಲಿ ಡಿಸಿ ಬೇರೆ ಆರ್ಡರ್ ಕೊಡ್ತಾರೆ. ಕಸ, ಬಂಡಿ ಜಾಗ, ಫ್ಲೆಕ್ಸು ಇವೆಲ್ಲ ಪಾಲಿಕೆದು. ಒಂದು ನೋಡಿ ಇಷ್ಟೇ ಅನ್ಕೊಂಡ್ರೆ ಇನ್ನೊಂದರಲ್ಲಿ ಸಿಕ್ಕಾಕ್ಕೊಂತೀರಿ.

ಕಾಪಿ ಕೊಡಲ್ಲ ಅಂದ್ರೆ ಫೋಟೋ ಹೊಡ್ಕೊಂತೀನ್ರಿ ಸರ್ ಅಂತ ಮರ್ಯಾದೆಯಿಂದ ಕೇಳ್ರಿ. ಒಬ್ಬೊಬ್ರೇ ಹೋಗೋದಕ್ಕಿಂತ ಲೈನಿನಾಗೆ ನಿಲ್ಲೋ ನಾಲ್ಕೈದು ಬಂಡಿಯೋರು ಕೂಡಿ ಹೋದ್ರೆ ಕೆಲಸ ಆಗ್ತೈತಿ.

ಆರ್ಡರ್ ಓದೋದು ಹೆಂಗೆ

ಸರ್ಕಾರಿ ಕಾಗದ ನೋಡಿದ್ರೆನೇ ತಲೆ ತಿರುಗ್ತೈತಿ, "ಸದರಿ", "ಮೇಲ್ಕಂಡ", "ಈ ಮೂಲಕ" ಅಂತ ಅರ್ಧ ಪುಟ ಹೋಗಿರುತ್ತೆ. ಅದನ್ನ ಬಿಡ್ರಿ, ಮನೆಯಾಗೆ ಕಾಲೇಜಿಗೆ ಹೋಗೋ ಹುಡುಗ ಹುಡುಗಿ ಇದ್ರೆ ಕೂರಿಸ್ಕೊಂಡು ನಾಲ್ಕೇ ನಾಲ್ಕು ವಿಷಯ ಹುಡುಕಿಸ್ರಿ.

ಜಾಗ ಯಾವುದು? ಕ್ರೀಡಾಂಗಣದ ಸುತ್ತ 200 ಮೀಟರ್ ಅಂತ ಬರ್ದಿದ್ರೆ ಅದು ಗೇಟಿಂದಾನೋ ಕಾಂಪೌಂಡಿಂದಾನೋ ಕೇಳ್ರಿ, ಇದ್ರಾಗೆ ಭಾಳ ಫರಕು ಬೀಳ್ತೈತಿ. ಉದಾಹರಣೆಗೆ ಮುನ್ಸಿಪಲ್ ಗ್ರೌಂಡಿನಾಗೆ ಮ್ಯಾಚ್ ಅನ್ಕೋರಿ, ಗೇಟಿಂದ ಅಳೆದ್ರೆ ನಿಮ್ಮ ಬಂಡಿ ಹೊರಗೆ ಬೀಳಬಹುದು, ಕಾಂಪೌಂಡಿಂದ ಅಳೆದ್ರೆ ಒಳಗೆ. ರೋಡಿನ ಹೆಸರು ಹಾಕಿದ್ರೆ ಯಾವ ಸರ್ಕಲ್ಲಿಂದ ಯಾವ ಸರ್ಕಲ್ ತನಕ ಅಂತ ನೋಡ್ರಿ. ದಿನ ಮತ್ತೆ ಟೈಮು ಎಷ್ಟು? ಟೂರ್ನಿ ಐದು ದಿನ ಇದ್ರೂ ಆರ್ಡರ್ ಫೈನಲ್ ದಿನಕ್ಕಷ್ಟೇ ಇರಬಹುದು. ಯಾರಿಗೆ? ಬಂಡಿಗಷ್ಟೇನಾ, ಶಟರ್ ಇರೋ ಅಂಗಡಿಗೂನಾ. ಕಡೇದು, ಯಾರಿಗೆ ವಿನಾಯಿತಿ? ಮೆಡಿಕಲ್ ಶಾಪು, ಹಾಲಿನ ಬೂತಿಗೆ ಸಾಮಾನ್ಯವಾಗಿ ಬಿಟ್ಟಿರ್ತಾರೆ, ಪಾಸ್ ಇದ್ದೋರಿಗೆ ಅಂತ ಒಂದು ಲೈನ್ ಇದ್ರೆ ಆ ಪಾಸ್ ಎಲ್ಲಿ ಕೊಡ್ತಾರೆ ಅಂತ ಅವತ್ತೇ ಕೇಳ್ಕೊಂಡು ಬರ್ರಿ.

ಕಲಂ 163ರ ಆರ್ಡರ್ ಎರಡು ತಿಂಗಳಿಗಿಂತ ಜಾಸ್ತಿ ನಡೆಯಲ್ಲ, ಸರ್ಕಾರ ಮುಂದುವರಿಸಿದ್ರೆ ಮಾತ್ರ ಬೇರೆ. ಇದು ನೆನಪಿರ್ಲಿ, ಯಾಕಂದ್ರೆ ಎಷ್ಟೋ ಕಡೆ ಮ್ಯಾಚ್ ಮುಗಿದು ಹೋಗಿರುತ್ತೆ, ಬಂಡಿಗೆ ಮಾತ್ರ ಅದೇ ಹಳೇ ಆರ್ಡರ್ ಹೇಳ್ತಿರ್ತಾರೆ.

ಗೇಟಿನ ಮುಂದೆ ಯಾಕೆ ಬೇಡ ಅಂತಾರೆ

ಇದನ್ನ ನಾವೂ ಅರ್ಥ ಮಾಡ್ಕೋಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಲ್ಲಿ 11 ಮಂದಿ ಸತ್ರು. ಜನ ಒಮ್ಮೆಲೆ ಹೊರಗೆ ಬೀಳೋ ದಾರಿಯಾಗೆ ಕುದಿಯೋ ಎಣ್ಣೆ ಬಾಣಲಿ, ಕೆಳಗೆ ಸಿಲಿಂಡರ್ ಇಟ್ಕೊಂಡು ನಿಂತ್ರೆ ಏನಾಗ್ತೈತಿ ಯೋಚನೆ ಮಾಡ್ರಿ, ಮೊದಲು ಸುಟ್ಕೊಳ್ಳೋರು ನಾವೇ. ಹಂಗಾಗಿ ಗೇಟಿಂದ ಸರೀರಿ ಅಂದ್ರೆ ಸರಿಯೋದೇ ಸರಿ. ಆದ್ರೆ ಎಲ್ಲಿಗೆ ಸರೀಬೇಕು ಅಂತ ಕೇಳೋ ಹಕ್ಕು ನಮಗೈತಿ.

ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅಂತ 2014ರಲ್ಲಿ ಬಂದೈತಿ. ಅದರ ಪ್ರಕಾರ ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರ್ಬೇಕು, ಅದ್ರಾಗೆ ಶೇಕಡಾ 40ಕ್ಕೆ ಕಮ್ಮಿ ಇಲ್ಲದಂಗೆ ವ್ಯಾಪಾರಿಗಳೇ ಸದಸ್ಯರಿರ್ಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಮಕ್ಕಳು. ಜಾಗದಿಂದ ಎತ್ತಂಗಡಿ ಮಾಡ್ಬೇಕಂದ್ರೆ 30 ದಿನ ಮುಂಚೆ ನೋಟಿಸ್ ಕೊಡ್ಬೇಕು ಅಂತಾನೂ ಐತಿ. ಸೆಕ್ಯೂರಿಟಿಗೆ ಅಂತ ಎರಡು ದಿನ ಪಕ್ಕಕ್ಕೆ ಹೋಗ್ರಿ ಅನ್ನೋದು ಬೇರೆ, ಆ ನೆಪದಾಗೆ ಜಾಗಾನೇ ಕಿತ್ಕೊಳ್ಳೋದು ಬೇರೆ. ಎರಡನ್ನೂ ಒಂದೇ ಅನ್ಕೊಂಡು ಸುಮ್ನಿರಬೇಡ್ರಿ. ಟೂರ್ನಿ ಮುಂಚೆನೇ ಸಮಿತಿಯಲ್ಲಿರೋ ವ್ಯಾಪಾರಿ ಪ್ರತಿನಿಧಿನ ಹಿಡಿದು, ಈ ಮೂರು ದಿನ ನಮಗೆ ಇಂಥ ಕಡೆ ಜಾಗ ಗುರುತು ಮಾಡಿಸಿ ಕೊಡ್ರಿ ಅಂತ ಅರ್ಜಿ ಕೊಡಿಸ್ರಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಒಂದು ಕಾಪಿ ಇಟ್ಕೋರಿ.

ಕೇಳಿದ್ರೆ ಸಿಗುತ್ತಾ ಅಂತೀರೇನೋ. ಬ್ರೆಜಿಲ್ ದೇಶದ ಸಾಲ್ವಡೋರ್ ಅನ್ನೋ ಊರಾಗೆ ಹೆಣ್ಮಕ್ಕಳು ಬೀದಿಯಾಗೆ ಕುಂತು ಅಕರಾಜೆ ಅಂತ ಮಾರ್ತಾರೆ, ಅಲಸಂದಿ ರುಬ್ಬಿ ತಾಳೆ ಎಣ್ಣೆಯಾಗೆ ಕರಿಯೋದು, ನಮ್ಮ ಅಲಸಂದಿ ವಡಿ ಇದ್ದಂಗೇ. 2014ರ ಫುಟ್ಬಾಲ್ ವಿಶ್ವಕಪ್ಪಿಗೆ ಅಂತ ಅಲ್ಲಿ ಮಾಡಿದ ಕಾನೂನಲ್ಲಿ ಸ್ಟೇಡಿಯಂ ಸುತ್ತ 2 ಕಿಲೋಮೀಟರ್ ತನಕ ಬೇರೆ ವ್ಯಾಪಾರ ತಡೆಯೋಕೆ ಅವಕಾಶ ಇತ್ತು. ಆ ಹೆಣ್ಮಕ್ಕಳು ಒಟ್ಟಾಗಿ ತಮ್ಮ ಬಿಳಿ ಉಡುಪು ಉಟ್ಕೊಂಡು ಹೋಗಿ ಗಟ್ಟಿಯಾಗಿ ಕೇಳಿದ್ರು, ಕಡಿಗೆ ಅವರಲ್ಲಿ ಕೆಲವರಿಗೆ ಸ್ಟೇಡಿಯಂ ಹತ್ರ ಮಾರೋಕೆ ಜಾಗ ಸಿಕ್ತು. ನನಗೆ ಇದನ್ನ ಓದಿದಾಗ ನಮ್ಮ ಅತ್ತೆನೇ ನೆನಪಾದ್ಲು.

ಕಾಗದ ಪತ್ರ ಒಂದೇ ಕವರಿನಾಗೆ

ಚೆಕಿಂಗಿಗೆ ಬಂದಾಗ ಮನೆಯಾಗೈತಿ ಸರ್ ಅಂದ್ರೆ ಯಾರೂ ಕೇಳಲ್ಲ. ಪಾಲಿಕೆ ಕೊಟ್ಟ ವ್ಯಾಪಾರಿ ಗುರುತಿನ ಚೀಟಿ ಇಲ್ಲ ಟ್ರೇಡ್ ಲೈಸೆನ್ಸು, ಆಧಾರ್ ಜೆರಾಕ್ಸು, ಆರ್ಡರಿನ ಕಾಪಿ, ಅರ್ಜಿ ಸ್ವೀಕೃತಿ ಇಷ್ಟೂ ಒಂದು ಪ್ಲಾಸ್ಟಿಕ್ ಕವರಿನಾಗೆ ಹಾಕಿ ಬಂಡಿಯಾಗೇ ಇಡ್ರಿ. ತಿಂಡಿ, ಜ್ಯೂಸ್, ಟೀ ಮಾರೋರಿಗೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತೆ ನೋಡೋ ಕೇಂದ್ರದ ಸಂಸ್ಥೆ, ಅದರ ನೋಂದಣಿ ಬೇಕೇ ಬೇಕು, ಮೂರು ದಿನದ ಸ್ಟಾಲ್ ಹಾಕೋರಿಗೂ ಬೇಕು. 2011ರ ನಿಯಮಾವಳಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಇದರ ಫೀಸು ವರ್ಷಕ್ಕೆ 100 ರೂಪಾಯಿ ಅಂತ ಇಟ್ಟಿದ್ರು, ಏಜೆಂಟರು ಸಾವಿರ ಎರಡು ಸಾವಿರ ಕೇಳಿದ್ರೆ ಕೊಡಬೇಡ್ರಿ, ಫಾಸ್ಕಾಸ್ ಅನ್ನೋ ಪೋರ್ಟಲಿನಾಗೆ ಸೈಬರ್ ಸೆಂಟರಿನೋರೇ ಹಾಕಿಕೊಡ್ತಾರೆ. ಕಡೇ ದಿನ ಹೋಗಬೇಡ್ರಿ, ಅರ್ಜಿ ನೋಡೋಕೆ ಒಂದು ವಾರ ಹಿಡೀಬಹುದು.

ಗುಂತಕಲ್ಲು, ಆದೋನಿ ಕಡೆಯಿಂದ ಬಂದು ಇಲ್ಲಿ ಟೀ ಶರ್ಟು, ಟೋಪಿ ಸ್ಟಾಲ್ ಹಾಕೋ ನೆಂಟರು ಸ್ನೇಹಿತರು ಇದ್ರೆ ಅವರಿಗೆ ಇದನ್ನ ಹೇಳ್ರಿ: ಬೇರೆ ರಾಜ್ಯದಿಂದ ಬಂದು ತಾತ್ಕಾಲಿಕವಾಗಿ ವ್ಯಾಪಾರ ಮಾಡೋರಿಗೆ ಜಿಎಸ್‌ಟಿಯಲ್ಲಿ ಬೇರೆ ನೋಂದಣಿ ಐತಿ, ವ್ಯಾಪಾರ ಶುರು ಮಾಡೋಕೆ 5 ದಿನ ಮುಂಚೆನೇ ಹಾಕ್ಬೇಕು, 90 ದಿನ ನಡೀತೈತಿ, ತೆರಿಗೆ ಅಂದಾಜು ಮಾಡಿ ಮುಂಗಡ ಕಟ್ಬೇಕು.

ಮಾಲು, ಗ್ಯಾಸು, ಕರೆಂಟು

ರೋಡ್ ಬಂದ್ ಅಂದ್ರೆ ಗ್ರಾಹಕರಿಗಿಂತ ಮೊದಲು ತೊಂದರೆ ಆಗೋದು ಮಾಲಿನ ಆಟೋಗೆ. ಎಷ್ಟೊತ್ತಿಗೆ ಬಂದ್ ಮಾಡ್ತಾರೋ ಅದಕ್ಕೆ ಎರಡು ತಾಸು ಮುಂಚೆನೇ ತರಕಾರಿ, ನೀರಿನ ಕ್ಯಾನು, ಐಸು ಇಳಿಸ್ಕೋರಿ. ಬ್ಯಾಸಿಗಿ ಟೂರ್ನಿ ಆದ್ರೆ ನೀರು ದುಪ್ಪಟ್ಟು ಇಟ್ಕೋರಿ, ನಮ್ಮೂರ ಬಿಸ್ಲು ನಿಮಗೆ ನಾನು ಹೇಳ್ಬೇಕಾಗಿಲ್ಲ.

ಗ್ಯಾಸಿನ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಮನೆಯ 14.2 ಕೆಜಿ ಕೆಂಪು ಸಿಲಿಂಡರ್ ಬಂಡಿಗೆ ಹಾಕೋದು ಕಾನೂನಿಗೆ ವಿರುದ್ಧ, ವ್ಯಾಪಾರಕ್ಕೆ 19 ಕೆಜಿಯಂಥ ಕಮರ್ಷಿಯಲ್ ಸಿಲಿಂಡರೇ ಬೇಕು. ಮಾಮೂಲಿ ದಿನ ಯಾರೂ ನೋಡದೇ ಇರಬಹುದು, ಟೂರ್ನಿ ಟೈಮಿನಾಗೆ ಮೊದಲು ನೋಡೋದೇ ಅದನ್ನ. ಪೈಪ್ ಹಳೇದಾಗಿ ಬಿರುಕು ಬಿಟ್ಟಿದ್ರೆ ಬದಲಾಯಿಸ್ರಿ, ಬಂಡಿ ಕೆಳಗೆ ಒಂದು ಬಕೆಟ್ ಮರಳು ಇಡ್ರಿ. ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕಬಾರ್ದು, ಸ್ಟವ್ ಆಫ್ ಮಾಡಿ ಬಾಣಲಿಗೆ ತಟ್ಟೆ ಮುಚ್ಬೇಕು, ಇದನ್ನ ಕೆಲಸಕ್ಕೆ ಬರೋ ಹುಡುಗ್ರಿಗೂ ಒಂದ್ಸಲ ಮಾಡಿ ತೋರಿಸ್ರಿ. ಎಣ್ಣೆನೂ ಅಷ್ಟೇ, ಕರಿದು ಕರಿದು ಕಪ್ಪಾಗಿ ನೊರೆ ಬರೋದನ್ನ ಮತ್ತೆ ಬಳಸಬೇಡ್ರಿ, 2018ರ ಜುಲೈಯಿಂದ ಕರಿದ ಎಣ್ಣೆಗೂ ಮಿತಿ ಹಾಕ್ಯಾರೆ, ಆಹಾರ ಸುರಕ್ಷತೆಯೋರು ಮೀಟರ್ ಅದ್ದಿ ನೋಡಬಹುದು.

ಲೈಟಿಗೆ ಕಂಬಕ್ಕೆ ಕೊಕ್ಕೆ ಹಾಕಬೇಡ್ರಿ. ಜೆಸ್ಕಾಂನಲ್ಲಿ ತಾತ್ಕಾಲಿಕ ಕನೆಕ್ಷನ್ ಕೊಡ್ತಾರೆ, ಸ್ಟಾಲಿನೋರು ಒಟ್ಟಾಗಿ ಒಂದು ತಗೊಂಡ್ರೆ ತಲೆಗೆ ಕಮ್ಮಿ ಬೀಳ್ತೈತಿ.

ಇನ್ನು ಸಣ್ಣ ಸಣ್ಣವು, ದಂಡ ಮಾತ್ರ ದೊಡ್ಡದು

ನೀರಿನ ಬಾಟ್ಲಿ, ಕೂಲ್‌ಡ್ರಿಂಕ್ಸ್ ಎಂಆರ್‌ಪಿಗಿಂತ ಐದು ರೂಪಾಯಿ ಜಾಸ್ತಿಗೆ ಮಾರಿದ್ರೂ ಅಪರಾಧ, ಕೂಲಿಂಗ್ ಚಾರ್ಜ್ ಅನ್ನೋದೆಲ್ಲ ನಡೆಯಲ್ಲ. ತೆಳು ಪ್ಲಾಸ್ಟಿಕ್ ಚೀಲ, ಪ್ಲಾಸ್ಟಿಕ್ ಲೋಟ ಬೇಡ, ಮುತ್ತುಗದ ಎಲೆ, ಪೇಪರ್ ತಟ್ಟೆ ತಗೋರಿ. ಗ್ರೌಂಡ್ ಶಾಲೆ ಕಾಲೇಜಿಂದಾದ್ರೆ 100 ಮೀಟರಿನೊಳಗೆ ಬೀಡಿ, ಸಿಗರೇಟು, ತಂಬಾಕು ಮಾರಂಗಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸ್ಪೀಕರ್ ಹಾಕಂಗಿಲ್ಲ, ನಮ್ಮ ಟೀಮ್ ಗೆದ್ರೂ ಅಷ್ಟೇ. 14 ವರ್ಷದೊಳಗಿನ ಮಕ್ಕಳನ್ನ ಗಿರಾಕಿ ಜಾಸ್ತಿ ಅಂತ ಕೆಲಸಕ್ಕೆ ನಿಲ್ಲಿಸಬೇಡ್ರಿ. ಅಂಗಡಿ ಹುಡುಗ್ರಿಗೆ ದಿನಕ್ಕೆ 9 ತಾಸು ದಾಟಿದ್ರೆ ಓವರ್‌ಟೈಮಿಗೆ ಡಬಲ್ ಕೂಲಿ, ಅದನ್ನ ಮುಂಚೆನೇ ಲೆಕ್ಕಕ್ಕೆ ಇಟ್ಕೋರಿ.

ಬ್ಯಾನರ್ ಹಾಕೋರು ಎರಡು ನೋಡ್ಕೋರಿ. ಪಾಲಿಕೆ ಪರ್ಮಿಷನ್ ಇಲ್ಲದೆ ಕಂಬಕ್ಕೆ, ಮರಕ್ಕೆ ಕಟ್ಟಬೇಡ್ರಿ, ಅಂಗಡಿ ಬೋರ್ಡಿನಾಗೆ ಶೇಕಡಾ 60 ಕನ್ನಡ ಇರ್ಬೇಕು. ಎರಡನೇದು, ಟೂರ್ನಿ ಲೋಗೋ, ಆಟಗಾರರ ಫೋಟೋ ಹಾಕಿ ನಾವೇ ಸ್ಪಾನ್ಸರ್ ಅನ್ನಂಗೆ ಪ್ರಿಂಟ್ ಮಾಡಿಸಬೇಡ್ರಿ, ಲೋಗೋ ಅವರ ಆಸ್ತಿ, ಕೇಸ್ ಹಾಕಬಹುದು. "ಮ್ಯಾಚ್ ನೋಡೋಕೆ ಬಂದೋರಿಗೆ ಸ್ವಾಗತ, ಬಿಸಿ ಬಿಸಿ ಮಿರ್ಚಿ ಐತಿ" ಅಂತ ಬರೆಸಿದ್ರೆ ಟೂರ್ನಿಯೋರ ಪರ್ಮಿಷನ್ ಬೇಕಾಗಿಲ್ಲ.

ಫೋನ್‌ಪೇ, ಗೂಗಲ್‌ಪೇ ದುಡ್ಡಿಗೆ ದಿನಾ ಲೆಕ್ಕ ಬರೀರಿ. 2025ರ ಜುಲೈನಾಗೆ ಯುಪಿಐ ವಹಿವಾಟು ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದು ಎಲ್ರಿಗೂ ನೆನಪೈತಿ. ಸಾಲ ಈಸ್ಕೊಂಡಿದ್ದು, ಮನೆಯೋರು ಹಾಕಿದ್ದು ಎಲ್ಲಾ ಒಂದೇ ಖಾತೆಗೆ ಬಂದ್ರೆ ಆಮೇಲೆ ಬಿಡಿಸಿ ಹೇಳೋದು ಕಷ್ಟ.

ಸಾಮಾನು ಎತ್ಕೊಂಡು ಹೋದ್ರೆ

ಎಲ್ಲಾ ಸರಿ ಇದ್ರೂ ಒಮ್ಮೊಮ್ಮೆ ಬಂಡಿ, ತಕ್ಕಡಿ ಎತ್ಕೊಂಡು ಹೋಗ್ತಾರೆ. ಜಗಳಕ್ಕೆ ಇಳೀಬೇಡ್ರಿ, ಮೈಮುಟ್ಟಬೇಡ್ರಿ. ಲಿಸ್ಟ್ ಕೇಳ್ರಿ. ಏನೇನು ತಗೊಂಡೀವಿ ಅಂತ ಬರೆದು ಸಹಿ ಮಾಡಿ ಕೊಡ್ಬೇಕು ಅಂತ 2014ರ ಕಾಯ್ದೆಯ ಕಲಂ 19ರಲ್ಲಿ ಐತಿ. ಕೊಡದಿದ್ರೆ ನೀವೇ ಅಲ್ಲೇ ನಿಂತು ಫೋಟೋ ತೆಗೆದು, ಟೈಮು, ಎಷ್ಟು ಕೆಜಿ, ಎಷ್ಟು ಪಾತ್ರೆ ಅಂತ ಬರ್ಕೋರಿ, ಪಕ್ಕದ ಬಂಡಿಯೋರ ಸಹಿ ಹಾಕಿಸ್ರಿ.

ಆಮೇಲೆ ಮನೆಗೆ ಹೋಗಿ ಮಲಗಬೇಡ್ರಿ, ಅವತ್ತೇ ಪಾಲಿಕೆ ಆಫೀಸಿಗೆ ಹೋಗಿ ಬಿಡಿಸಿಕೊಡ್ರಿ ಅಂತ ಅರ್ಜಿ ಕೊಡ್ರಿ. ಬಂಡಿ, ಸ್ಟವ್, ತಕ್ಕಡಿಯಂಥ ಕೆಡದ ಸಾಮಾನನ್ನ ಅರ್ಜಿ ಕೊಟ್ಟ ಎರಡು ಕೆಲಸದ ದಿನದೊಳಗೆ ಬಿಡ್ಬೇಕು. ಮೆಣಸಿನಕಾಯಿ, ಟೊಮ್ಯಾಟೊ, ಹಣ್ಣು, ಕಲಸಿದ ಹಿಟ್ಟು ಇಂಥ ಕೆಡೋ ಸಾಮಾನನ್ನ ಅರ್ಜಿ ಕೊಟ್ಟ ದಿನಾನೇ ಬಿಡ್ಬೇಕು. ದಂಡ ಹಾಕಿದ್ರೆ ರಸೀದಿ ಇಲ್ಲದೆ ಒಂದು ರೂಪಾಯಿನೂ ಕೊಡಬೇಡ್ರಿ. ಯಾರೂ ಕೇಳ್ತಿಲ್ಲ ಅಂದ್ರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಬರೆಸಿ, ಅವರು ಕೊಡೋ ನಂಬರನ್ನ ಅದೇ ಕವರಿನ ಮೇಲೆ ಬರ್ಕೋರಿ.