ಮನೆ ಸಾಲಕ್ಕೆ ಅರ್ಜಿ ಹಾಕುವ ಮೊದಲು ಸಿಬಿಲ್ ರಿಪೋರ್ಟ್ ಓದುವುದು ಹೇಗೆ?

ಬ್ಯಾಂಕಿನ ಗೃಹಸಾಲದ ಮೇಜಿನಲ್ಲಿ ಬಹಳ ವರ್ಷ ಕೂತವಳು ನಾನು. ಸಿಬಿಲ್ ರಿಪೋರ್ಟ್ ಅಂದರೆ ನಿಮ್ಮ ಸಾಲ, ಕಂತುಗಳ ಲೆಕ್ಕವನ್ನೂ ಅದಕ್ಕೆ ಸಿಗುವ ಅಂಕವನ್ನೂ (ಸ್ಕೋರ್) ತೋರಿಸುವ ದಾಖಲೆ. ಸೈಟಿಗೆ ಅಡ್ವಾನ್ಸ್ ಕೊಟ್ಟು ಆಮೇಲೆ ಸಿಬಿಲ್ ನೋಡುವವರೇ ಜಾಸ್ತಿ. ಅಡ್ವಾನ್ಸ್‌ಗೂ ಮೊದಲು, ಸಾಧ್ಯವಾದರೆ ಮೂರು ತಿಂಗಳು ಮುಂಚೆಯೇ ರಿಪೋರ್ಟ್ ತೆಗೆಯಿರಿ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಇಂಥ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ನಿಮ್ಮದನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ, ಹೆದರಬೇಡಿ.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಕಡಿಮೆ ಇದ್ದರೆ ಬಡ್ಡಿ ಜಾಸ್ತಿ ಬೀಳಬಹುದು. 20 ವರ್ಷದ 40 ಲಕ್ಷ ಸಾಲಕ್ಕೆ ಬಡ್ಡಿ 8.5ರ ಬದಲು 9 ಆದರೆ, ಒಟ್ಟು ಸುಮಾರು 3 ಲಕ್ಷ ಹೆಚ್ಚು ಕಟ್ಟುತ್ತೀರಿ. ಅಡುಗೆಮನೆಯ ಮರಗೆಲಸದ ದುಡ್ಡು ಅದು!

ಆದರೆ ಅಂಕಿ ನೋಡಿ ರಿಪೋರ್ಟ್ ಮುಚ್ಚಿಡಬೇಡಿ. ಒಳಗಿನ ಒಂದೊಂದು ಖಾತೆಯನ್ನೂ ಓದಿ. ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೀರಾ? ಅದೂ ಅಲ್ಲಿರುತ್ತದೆ, ಅವನು ಕಂತು ತಪ್ಪಿಸಿದರೆ ಪೆಟ್ಟು ನಿಮಗೂ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ 'ಸೆಟಲ್ಡ್' ಅಂತ ಇದೆಯೇ ನೋಡಿ. ಹಳೇ ಕ್ರೆಡಿಟ್ ಕಾರ್ಡ್ ಬಾಕಿಯಲ್ಲಿ ಅರ್ಧ ಕಟ್ಟಿ, ಉಳಿದದ್ದು ಮಾಫಿಯಾಯಿತು ಅಂದುಕೊಂಡವರಿಗೆ ಬೀಳುವ ಗುರುತು ಅದು. ನಮ್ಮ ಕಣ್ಣು ಮೊದಲು ಹೋಗುತ್ತಿದ್ದುದೇ ಅಲ್ಲಿಗೆ. ಕೈಲಾದರೆ ಬಾಕಿ ಪೂರ್ತಿ ತೀರಿಸಿ, ಬಾಕಿ ಏನೂ ಇಲ್ಲ ಎಂಬ ನೋ ಡ್ಯೂಸ್ ಪತ್ರ ಪಡೆದು, 'ಕ್ಲೋಸ್ಡ್' ಎಂದು ಬದಲಿಸಲು ಆ ಬ್ಯಾಂಕಿಗೆ ಬರೆದು ಕೊಡಿ.

ನಿಮ್ಮದಲ್ಲದ ಸಾಲ ಕಂಡರೆ ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಕಾರ್ಡಿನ ಮಿತಿ 1 ಲಕ್ಷವಿದ್ದರೆ ಬಳಕೆ 30 ಸಾವಿರದೊಳಗೆ ಇರಲಿ. ಕಂಡ ಕಂಡ ಏಜೆಂಟರಿಗೆ ಸುಮ್ನೆ ಪ್ಯಾನ್ ಕೊಡಬೇಡಿ. ಅವರು ನಾಲ್ಕಾರು ಕಡೆ ಅರ್ಜಿ ಹಾಕಿದರೆ ಆ ಬ್ಯಾಂಕುಗಳು ನಿಮ್ಮ ರಿಪೋರ್ಟ್ ತರಿಸಿ ನೋಡಿದ ಅಷ್ಟೂ ವಿಚಾರಣೆಗಳು (ಎನ್‌ಕ್ವೈರಿ) ರಿಪೋರ್ಟಿನಲ್ಲಿ ಕೂರುತ್ತವೆ.

ಗಂಡ ಹೆಂಡತಿ ಜಂಟಿಯಾಗಿ ಸಾಲ ಕೇಳುವುದಾದರೆ ಇಬ್ಬರ ರಿಪೋರ್ಟನ್ನೂ ತೆಗೆಯಿರಿ. ಬ್ಯಾಂಕು ಇಬ್ಬರದ್ದನ್ನೂ ನೋಡುತ್ತದೆ.